ಹನ್ನೆರಡನೆಯ ಹಲಗೆ

ಆಗೆಲ್ಲ ನಮ್ಮ ಗುಬ್ಬಿಯ ಅಂಗಡಿಗಳಿಗೆ ಬರೆದ ಹೆಸರು ಇರಲಿಲ್ಲ. ಬಾಯಲ್ಲಿ ಮಾತ್ರ ಬೇಕಾದಷ್ಟಿದ್ದವು. ಮೆಟ್ಟಿಲಂಗಡಿ, ಬಾವಿಕಟ್ಟೆ ಹೋಟೆಲು, ಸಿಡುಕಪ್ಪನ ಬಟ್ಟೆ ಅಂಗಡಿ, ಹೀಗೆ. ಸಿಡುಕಪ್ಪ ತೀರಿಹೋಗಿ, ಸದಾ ನಗುವ ಅವನ ಅಳಿಯ ಗಲ್ಲಾದಲ್ಲಿ ಕೂತು ಎಷ್ಟೋ ವರ್ಷವಾಗಿದ್ದರೂ ಅದು ಸಿಡುಕಪ್ಪನ ಅಂಗಡಿಯೇ. ನಮ್ಮದು ಹುಣಸೆಮರದ ಅಂಗಡಿ. ಆ ಹುಣಸೆಮರವನ್ನು ನಾನು ಕಂಡಿಲ್ಲ, ನಾನು ಹುಟ್ಟುವ ಮೊದಲೇ ಅದನ್ನು ಕಡಿದಿದ್ದರಂತೆ. ಆದರೂ ಸಂತೆಗೆ ಬಂದ ಹಳ್ಳಿಯವರು, ‘ಹುಣಸೆಮರದ ತಾವ ಇರ್ತೀನಿ, ಬಾ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನೇರವಾಗಿ ನಮ್ಮ ಅಂಗಡಿಯ ಮುಂದೆ ಬಂದು ನಿಲ್ಲುತ್ತಿದ್ದರು.

ಅಂಗಡಿ ಕಟ್ಟಿದ್ದು ತಾತ. ನಡೆಸುತ್ತಿದ್ದವರು ಅಪ್ಪ ಮತ್ತು ಚಿಕ್ಕಪ್ಪ. ಅಪ್ಪ ತುಮಕೂರಿನ ಮಂಡಿಯಿಂದ ಸಾಮಾನು ತರುತ್ತಿದ್ದ, ಚಿಕ್ಕಪ್ಪ ಅಂಗಡಿಯಲ್ಲಿ ಕೂತು ಮಾರುತ್ತಿದ್ದ. ಇಬ್ಬರಲ್ಲಿ ಯಾರದು ಅಂಗಡಿ ಎಂದು ಯಾರಾದರೂ ಕೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವೋ ಏನೋ. ಯಾರೂ ಕೇಳಿರಲಿಲ್ಲ. ಒಳಗೆ ಕಾಲಿಟ್ಟರೆ ಬೆಲ್ಲ, ಇಂಗು, ಸೀಮೆಎಣ್ಣೆ, ಒಣಮೆಣಸಿನಕಾಯಿ, ತೆಂಗಿನ ನಾರಿನ ಹಗ್ಗ, ಎಲ್ಲವೂ ಒಟ್ಟಿಗೆ ಮೂಗಿಗೆ ಹೊಡೆಯುತ್ತಿತ್ತು. ಚಿಕ್ಕಪ್ಪನ ಅಂಗಿಯಲ್ಲೂ ಅದೇ ವಾಸನೆ. ಅವನು ಬಟ್ಟೆಗೆ ಎಷ್ಟು ಸೋಪು ತಿಕ್ಕಿದರೂ ಅದು ಹೋಗುತ್ತಿರಲಿಲ್ಲ.

ಆ ಅಂಗಡಿಗೆ ಬಾಗಿಲಿರಲಿಲ್ಲ, ಹಲಗೆಗಳಿದ್ದವು. ಹೊಸ್ತಿಲಲ್ಲೂ ಮೇಲಿನ ತೊಲೆಯಲ್ಲೂ ಉದ್ದಕ್ಕೆ ಒಂದು ಸಂದು ಕೊರೆದಿತ್ತು. ಅದರೊಳಗೆ ಆಳೆತ್ತರದ ಹಲಸಿನ ಹಲಗೆಗಳನ್ನು ಒಂದರ ಪಕ್ಕ ಒಂದರಂತೆ ತೂರಿಸಿ, ಅಡ್ಡಕ್ಕೆ ಕಬ್ಬಿಣದ ಪಟ್ಟಿ ಹಾಕಿ, ಬೀಗ ಜಡಿದರೆ ಅಂಗಡಿ ಮುಚ್ಚಿದ ಹಾಗೆ. ಒಟ್ಟು ಹನ್ನೊಂದು ಹಲಗೆ. ಕೈಯಿಂದ ಕೊಯ್ದ ಮರವಾದ್ದರಿಂದ ಒಂದೊಂದು ಒಂದೊಂದು ಅಗಲ. ಸಾಲು ತಪ್ಪಿದರೆ ಕೊನೆಯದು ಕೂರುತ್ತಿರಲಿಲ್ಲ. ಅದಕ್ಕೇ ತಾತ ಒಂದೊಂದರ ಮೇಲೂ ಉಳಿಯಿಂದ ಕನ್ನಡ ಅಂಕಿ ಕೆತ್ತಿದ್ದ. ಬೆಳಿಗ್ಗೆ ಚಿಕ್ಕಪ್ಪ ಹಲಗೆ ತೆಗೆಯುವಾಗ ಅಂಕಿ ಕೂಗುವುದು ನನ್ನ ಕೆಲಸ. ನಾನು ‘ಒಂದು’ ಅನ್ನಬೇಕು, ಅವನು ‘ಬಂತು’ ಎಂದು ಎತ್ತಿ ಗೋಡೆಗೆ ಒರಗಿಸಬೇಕು. ‘ಎರಡು.’ ‘ಬಂತು.’ ನಾನು ಕೂಗುವವರೆಗೂ ಅವನು ಕೈ ಹಚ್ಚುತ್ತಿರಲಿಲ್ಲ. ನನಗೆ ಜ್ವರ ಬಂದ ದಿನ ಗಿರಾಕಿಗಳನ್ನು ಹೊರಗೇ ನಿಲ್ಲಿಸಿ, ಪಕ್ಕದಲ್ಲೇ ಇದ್ದ ನಮ್ಮ ಮನೆಯ ಕಿಟಕಿಯ ಹತ್ತಿರ ಬಂದು, ‘ಅಲ್ಲಿಂದ್ಲೇ ಕೂಗು ಪುಟ್ಟಿ, ಜನ ಕಾಯ್ತಾವ್ರೆ’ ಎಂದಿದ್ದ. ಮಲಗಿದಲ್ಲಿಂದಲೇ ಹನ್ನೊಂದನ್ನೂ ಕೂಗಿದ್ದೆ.

ಬಡಗಿ ಲೆಕ್ಕ ತಪ್ಪಿಯೋ ಏನೋ ಹನ್ನೆರಡು ಹಲಗೆ ಕೊಯ್ದಿದ್ದನಂತೆ. ಉಳಿದ ಆ ಒಂದನ್ನು ತಾತ ಅಂಗಡಿಯ ಮುಂದೆ ಎರಡು ಕಲ್ಲಿನ ಮೇಲಿಟ್ಟು ಕೂರಲು ಮಾಡಿಕೊಂಡಿದ್ದ. ಅವನು ಹೋದ ಮೇಲೆ ಅದರ ಮೇಲೆ ಊರೆಲ್ಲ ಕೂತಿತು. ಮಧ್ಯಾಹ್ನದ ಹೊತ್ತು ಗೆಳತಿಯರೂ ನಾನೂ ಅದರ ಮೇಲೆ ಹುಣಸೆಬೀಜ ಹರಡಿಕೊಂಡು ಆಡುತ್ತಿದ್ದೆವು. ಬಿಸಿಲಿಗೆ ಕಾದ ಹಲಗೆ ಲಂಗ ದಾಟಿ ಚುರುಕ್ ಅನ್ನಿಸುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹತ್ತು. ಬೇಸಿಗೆ ರಜ ಶುರುವಾಗಿತ್ತು. ಆಗ ಪುರಸಭೆ ಕಚೇರಿಯ ಜವಾನನೊಬ್ಬ ಪೇಟೆಯ ಅಂಗಡಿ ಅಂಗಡಿಗೂ ಬಂದು ಒಂದೊಂದು ಕಾಗದ ಕೊಟ್ಟುಹೋದ. ಇನ್ನು ಒಂದು ತಿಂಗಳೊಳಗೆ ಪ್ರತಿಯೊಂದು ಅಂಗಡಿಯವರೂ ಕನ್ನಡದಲ್ಲಿ ನಾಮಫಲಕ ಹಾಕತಕ್ಕದ್ದು, ಇಲ್ಲದಿದ್ದರೆ ಲೈಸೆನ್ಸು ರದ್ದಾಗುವುದು ಎಂದು ಅದರಲ್ಲಿತ್ತು. ಚಿಕ್ಕಪ್ಪ ಗಟ್ಟಿಯಾಗಿ ಓದಿದ. ‘ನಾಮಫಲಕ’ ಎಂಬಲ್ಲಿ ನಿಂತು ಇನ್ನೊಂದು ಸಲ ಓದಿದ. ಕೂತಿದ್ದವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಯಾವುದೋ ಹೊಸ ತೆರಿಗೆ ಇರಬೇಕು ಎಂದು ಒಬ್ಬ ತೀರ್ಮಾನ ಕೊಟ್ಟ.

ಆಗ ನಶ್ಯ ಕೊಳ್ಳಲು ಬಂದವರು ನಮ್ಮೂರಿನ ನಿವೃತ್ತ ಕನ್ನಡ ಮೇಷ್ಟ್ರು. ಅವರಿಗೆ ಯಾರಾದರೂ ಪದ ಕೇಳಿದರೆ ಸಾಕು, ಹಬ್ಬದೂಟಕ್ಕೆ ಕರೆದಷ್ಟು ಖುಷಿ. ಹಲಗೆಯ ಮೇಲೆ ಕೂತು, ಒಂದು ಚಿಟಿಕೆ ಏರಿಸಿ, ನಾಮ ಅಂದರೆ ಹೆಸರು ಎಂದರು. ಫಲಕ ಅಂದರೆ ಏನೂ ಅಲ್ಲ, ನೀವು ಕೂತಿರುವ ಈ ಹಲಗೆ ಎಂದರು. ಸಂಸ್ಕೃತದಲ್ಲಿ ಫಲಕ ಎಂದರೆ ಮರ ಸೀಳಿ ತೆಗೆದ ಚಪ್ಪಟೆ ತುಂಡು. ಕೂರುವ ಮಣೆಗೂ ಅದೇ ಮಾತು, ಕಾಳಗದಲ್ಲಿ ಎದೆಗೆ ಅಡ್ಡ ಹಿಡಿಯುವ ಗುರಾಣಿಗೂ ಅದೇ ಮಾತು. ನಮ್ಮ ಹಿಂದಿನವರ ನಾಲಗೆಯಲ್ಲಿ ಅದು ಪಲಗೆಯಾಯಿತು. ಆಮೇಲೆ ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ, ಪಲಗೆ ಹಲಗೆಯಾಯಿತು. ಮಕ್ಕಳು ಅಕ್ಷರ ತಿದ್ದಿದ್ದೂ ಹಲಗೆಯ ಮೇಲೆಯೇ, ಅದಕ್ಕೇ ಹಲಗೆ ಬಳಪ ಅನ್ನುವುದು. ಈಗ ಕಚೇರಿಯವರಿಗೆ ಮನೆಯ ಮಾತು ಸಾಲದಾಗಿ ಹಳೆಯ ಫಲಕವನ್ನೇ ಹುಡುಕಿ ತಂದಿದ್ದಾರೆ. ಇಷ್ಟನ್ನೂ ಹೇಳಿ, ಸೀನಿ, ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದರು.

‘ನಿಮ್ಮಂಗ್ಡೀಲಿ ಹನ್ನೆರಡು ಫಲಕ ಇದೆ ಕಣಮ್ಮ. ನಾಮ ಒಂದಿಲ್ಲ, ಅಷ್ಟೇ.’

ನಾವು ಹಣೆ ತುಂಬ ವಿಭೂತಿ ಹಚ್ಚುವವರು, ನಾಮ ಎಲ್ಲಿಂದ ತರೋಣ ಎಂದು ಚಿಕ್ಕಪ್ಪ ತಮಾಷೆ ಮಾಡಿದ. ಎಲ್ಲರೂ ನಕ್ಕರು. ಮೇಷ್ಟ್ರು ಎಲ್ಲರಿಗಿಂತ ಹೆಚ್ಚು ನಕ್ಕರು. ಆವತ್ತು ಆ ಪದ ನಮಗೆ ಏನು ಮಾಡೀತು ಎಂದು ಯಾರಿಗೆ ಗೊತ್ತಿತ್ತು. ನಾನಂತೂ ದಿನವೆಲ್ಲ ಹಲಗೆ ಹಲಗೆಗೂ ‘ಫಲಕ ಒಂದು, ಫಲಕ ಎರಡು’ ಎಂದು ಕುಣಿಯುತ್ತಿದ್ದೆ.

ಪೇಟೆಯವರೆಲ್ಲ ಒಟ್ಟಿಗೆ ಬೋರ್ಡಿಗೆ ಮುಗಿಬಿದ್ದದ್ದರಿಂದ ತಗಡು ಸಿಗುತ್ತಿರಲಿಲ್ಲ. ತಗಡು ಯಾಕೆ, ಮೇಷ್ಟ್ರೇ ಹೇಳಿದಾರಲ್ಲ, ಹನ್ನೆರಡನೆಯ ಹಲಗೆಯೇ ಆಗಲಿ ಎಂದ ಚಿಕ್ಕಪ್ಪ. ತಾತ ಕೂತ ಹಲಗೆ ತಲೆಯ ಮೇಲೆ ಹೋದರೆ ಒಳ್ಳೆಯದೇ ಎಂದಳು ಅಜ್ಜಿ. ಚಿಕ್ಕಪ್ಪ ಎರಡು ದಿನ ಕೂತು ಅದಕ್ಕೆ ಕೀಸುಳಿ ಹಿಡಿದ, ಮರಳು ಕಾಗದ ಹಾಕಿ ಉಜ್ಜಿದ. ಮೇಲಿನ ಕರಿ ಹೋದಂತೆ ಒಳಗಿನಿಂದ ಹಳದಿ ಮರ ಬಂತು. ಅವನು ಅಂಗೈ ಆಡಿಸಿ ನೋಡಿ, ನನ್ನ ಕೆನ್ನೆಯನ್ನೂ ಮುಟ್ಟಿ, ಇನ್ನೂ ಅಷ್ಟು ನುಣುಪಾಗಿಲ್ಲ ಎಂದು ಮತ್ತೆ ಉಜ್ಜಲು ಕೂರುತ್ತಿದ್ದ.

ಹೆಸರು ಯಾರದು ಎಂಬ ಮಾತು ಒಂದು ಸಂಜೆ ಊಟದ ಹೊತ್ತಿಗೆ ಬಂತು. ಅಪ್ಪ ಏನೋ ಟ್ರೇಡರ್ಸ್ ಅಂದ. ಚಿಕ್ಕಪ್ಪ ಹುಣಸೆಮರ ಅಂದ. ನಾನು ಚಿಕ್ಕಪ್ಪನ ತೊಡೆಯ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆಹೋದೆ. ಆಮೇಲೆ ಅಜ್ಜಿ, ‘ಅವರ ಹೆಸ್ರು ಇರ್ಲಿ’ ಎಂದಳಂತೆ. ಗಂಡುಮಕ್ಕಳಿಬ್ಬರೂ ತಕ್ಷಣ ಒಪ್ಪಿದರಂತೆ. ತಾತನ ಹೆಸರು ಎಂದು ತೀರ್ಮಾನವಾಯಿತು. ಬೆಳಿಗ್ಗೆ ನನಗೆ ಯಾರೂ ಅದನ್ನು ಹೇಳಲಿಲ್ಲ. ಮಕ್ಕಳಿಗೆ ಯಾರು ಹೇಳುತ್ತಾರೆ.

ಅಜ್ಜಿಯ ಒಂದು ವಿಷಯ ಇಲ್ಲಿ ಹೇಳಬೇಕು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಗಂಡನ ಹೆಸರನ್ನು ಅವಳು ಬಾಯಿಂದ ಆಡುತ್ತಿರಲಿಲ್ಲ. ಆಗಿನ ಹೆಂಗಸರು ಯಾರೂ ಆಡುತ್ತಿರಲಿಲ್ಲ, ಆಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿಕೆ. ತಾತ ಹೋಗಿ ಎಂಟು ವರ್ಷವಾಗಿದ್ದರೂ ಅಜ್ಜಿ ಆ ನೇಮ ಬಿಟ್ಟಿರಲಿಲ್ಲ. ತಾತನ ಹೆಸರು ಮುದ್ದವೀರಪ್ಪ. ಅದಕ್ಕೇ ಅವಳ ಬಾಯಲ್ಲಿ ಮುದ್ದೆ ಎಂಬ ಮಾತೂ ಬರುತ್ತಿರಲಿಲ್ಲ. ‘ಹಿಟ್ಟು ಉಣ್ಣು ಬಾ’ ಎಂದೇ ಕರೆಯುತ್ತಿದ್ದಳು. ನನ್ನನ್ನು ಮುದ್ದು ಎನ್ನಬೇಕಾದಲ್ಲಿ ಬಂಗಾರ ಎನ್ನುತ್ತಿದ್ದಳು. ರೇಷನ್ ಕಾರ್ಡಿನವರೋ ಬೇರೆ ಯಾರೋ ಬಂದು ಗಂಡನ ಹೆಸರು ಕೇಳಿದರೆ ಸೆರಗು ಸರಿಮಾಡಿಕೊಂಡು, ‘ಏ ಮಗಾ, ಹೇಳೇ’ ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದಳು. ನಾನು ಗಟ್ಟಿಯಾಗಿ ಮುದ್ದವೀರಪ್ಪ ಅನ್ನುತ್ತಿದ್ದೆ.

ತುಮಕೂರಿನ ಶಿರಾ ಗೇಟಿನಲ್ಲಿ ಬೋರ್ಡು ಬರೆಯುವವನೊಬ್ಬನಿದ್ದ. ಆ ತಿಂಗಳು ಅವನು ಬಣ್ಣದ ಡಬ್ಬಿ, ಬ್ರಷ್ಷು, ಚಾಪೆ ಎಲ್ಲ ಹೊತ್ತು ಗುಬ್ಬಿಗೇ ಬಂದು ಉಳಿದುಕೊಂಡಿದ್ದ. ಇವತ್ತು ನಾಳೆ ಎಂದು ಸತಾಯಿಸಿ, ಕೊನೆಗೆ ನಮ್ಮ ಅಂಗಡಿಗೆ ಬಂದದ್ದು ಅಪ್ಪ ಮಂಡಿಗೆ ಹೋದ ದಿನ. ಚಿಕ್ಕಪ್ಪ ಕುಣಿಗಲ್ ಕಡೆ ಕೊತ್ತಗೆರೆಗೆ, ನೆಂಟರ ಮದುವೆಗೆ ಹೋಗಿದ್ದ. ಅವ್ವ ಮನೆಯಲ್ಲಿದ್ದಳು. ಅಂಗಡಿಯಲ್ಲಿ ಇದ್ದವರು ಅಜ್ಜಿ ಮತ್ತು ನಾನು.

ಅವನು ಹಲಗೆಗೆ ನೀಲಿ ಬಳಿದ. ಅದು ಒಣಗುವವರೆಗೆ ಪಕ್ಕದ ಅಂಗಡಿಯ ಕೆಲಸ ಮುಗಿಸಿ ಬಂದ. ಸುಣ್ಣದ ದಾರ ಎಳೆದು ಮೇಲೊಂದು ಕೆಳಗೊಂದು ಗೆರೆ ಹೊಡೆದ. ಆಮೇಲೆ, ‘ಏನ್ ಹೆಸ್ರು ಬರೀಬೇಕಮ್ಮ?’ ಎಂದು ಅಜ್ಜಿಯನ್ನು ಕೇಳಿದ. ಅಜ್ಜಿ ಸೆರಗು ಸರಿಮಾಡಿಕೊಂಡಳು. ಅಂಗಡಿಯ ಹಿತ್ತಲಲ್ಲಿ ಒಲೆಯ ಮೇಲೆ ಹಾಲಿತ್ತು, ಅದು ಉಕ್ಕುವ ಸದ್ದಾಯಿತು. ‘ಮಗು ಹೇಳ್ತಾಳೆ, ಬರ್ಕೊಳಪ್ಪ’ ಎಂದು ಒಳಗೆ ಓಡಿದಳು.

ಅವನು ನನ್ನ ಕಡೆ ತಿರುಗಿದ. ನಿಮ್ಮ ತಾತನ ಹೆಸರೇನು ಎಂದು ಕೇಳಿದ್ದರೆ ಹೇಳಿಬಿಡುತ್ತಿದ್ದೆ, ಎಷ್ಟೋ ಸಲ ಹೇಳಿ ಅಭ್ಯಾಸವಾಗಿತ್ತು. ಅವನು ಹಾಗೆ ಕೇಳಲಿಲ್ಲ.

‘ಅಂಗ್ಡಿ ಯಾರ್ದು ಪುಟ್ಟಿ?’ ಅಂದ.

‘ನಮ್ಮಪ್ಪಂದು’ ಅಂದೆ.

ಹೆಸರು ಹೇಳು ಎಂದ. ಶಿವನಂಜಪ್ಪ ಎಂದೆ. ಅಷ್ಟಕ್ಕೇ ಬಿಡಲಿಲ್ಲ, ಇನಿಷಿಯಲ್ಲು ಎಂ. ಇದೆ, ಅದನ್ನೂ ಹಾಕಬೇಕು ಎಂದೆ. ಶಾಲೆಯಲ್ಲಿ ಎಲ್ಲ ಕಾಗದದಲ್ಲೂ ಹಾಗೇ ಬರೆಯುತ್ತಿದ್ದೆವಲ್ಲ. ಎಂಥ ಮಹಾ ಜಾಣೆ ನಾನು. ದಿನಾ ಬೆಳಿಗ್ಗೆ ಯಾರ ಜೊತೆ ಹನ್ನೊಂದು ಎಣಿಸುತ್ತಿದ್ದೆನೋ ಅವನು ಆ ಹೊತ್ತಿನಲ್ಲಿ ನನ್ನ ತಲೆಗೆ ಬರಲೇ ಇಲ್ಲ.

ಅಜ್ಜಿ ಹಾಲು ಇಳಿಸಿ ಬರುವಷ್ಟರಲ್ಲಿ ಅರ್ಧದಷ್ಟು ಅಕ್ಷರ ಬಿದ್ದಿತ್ತು. ನೀಲಿಯ ಮೇಲೆ ಹಳದಿ. ಅವನ ಕೈ ಒಂದು ಸಲವೂ ನಡುಗದೆ ಶಿ ಬರೆದು, ವ ಬರೆದು, ನಂ ಬರೆಯಿತು. ‘ಎಂ. ಶಿವನಂಜಪ್ಪನವರ ದಿನಸಿ ಅಂಗಡಿ’ ಎಂದು ಪೂರ್ತಿಯಾದಾಗ ಮಧ್ಯಾಹ್ನ ಕಳೆದಿತ್ತು. ಹಲಗೆಯನ್ನು ಗೋಡೆಗೆ ಒರಗಿಸಿ, ನಾಳಿದ್ದಿನವರೆಗೆ ಊರಲ್ಲೇ ಇರುತ್ತೇನೆ, ಏನಾದರೂ ತಿದ್ದುವುದಿದ್ದರೆ ಹೇಳಿಕಳಿಸಿ, ಬಣ್ಣ ಹಸಿ ಇರುವಾಗ ಸೀಮೆಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ ಎಂದು ಹೇಳಿ ಅವನು ಹೊರಟ.

ಅವನು ಹೋದ ಮೇಲೆ ಅಜ್ಜಿ ಕೈ ತೊಳೆದು ಬಂದಳು. ವಿಭೂತಿ ಗಟ್ಟಿ ತಂದು ಹಲಗೆಯ ಒಂದು ಮೂಲೆಗೆ ಬೆರಳಿಂದ ಮೂರು ಗೆರೆ ಎಳೆದಳು. ಊದಿನಕಡ್ಡಿ ಹಚ್ಚಿದಳು. ಅವಳ ಮುಖದಲ್ಲಿ ನಾನು ಹಿಂದೆಂದೂ ಕಾಣದ ನಾಚಿಕೆ ಇತ್ತು. ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

‘ನಿಮ್ ತಾತನ ಹೆಸ್ರು ಎಲ್ಲಿಂದ ಎಲ್ಲೀ ಗಂಟ ಐತೆ, ತೋರ್ಸೇ ಬಂಗಾರ. ಬಾಯಲ್ಲಿ ಅನ್ನಂಗಿಲ್ಲ, ಕೈಯಲ್ಲಾದ್ರೂ ಮುಟ್ತೀನಿ.’

ಆಗ ನನಗೆ ಎಲ್ಲವೂ ತಿಳಿಯಿತು. ಹೇಳಬೇಕಿತ್ತು. ಅಜ್ಜಿ, ತಪ್ಪಾಗಿದೆ, ಅವನನ್ನು ಕೂಗು, ಇನ್ನೂ ಬಾವಿಕಟ್ಟೆ ದಾಟಿರಲಿಕ್ಕಿಲ್ಲ ಎನ್ನಬೇಕಿತ್ತು. ಅವಳು ಬೈಯುತ್ತಲೂ ಇರಲಿಲ್ಲ. ಆದರೆ ಅವಳ ಮುಖ ನೋಡಿದರೆ ನನಗೆ ಬಾಯಿ ಬರಲಿಲ್ಲ. ನಾನು ಕೈ ಚಾಚಿ ‘ಇಲ್ಲಿಂದ’ ಎಂದು ಶಿ ತೋರಿಸಿದೆ. ‘ಇಲ್ಲೀವರ್ಗೂ’ ಎಂದು ಪ್ಪ ತೋರಿಸಿದೆ. ಬಣ್ಣ ಅಂಟದ ಹಾಗೆ ಅಜ್ಜಿ ಒಂದೊಂದು ಅಕ್ಷರದ ಕೆಳಗೂ ಬೆರಳು ಸೋಕಿಸಿ ಕಣ್ಣಿಗೆ ಒತ್ತಿಕೊಂಡಳು.

ಅಪ್ಪ ಬರಲಿ, ಅವನು ಓದುತ್ತಾನೆ, ಬೈಯುತ್ತಾನೆ, ಸರಿಮಾಡಿಸುತ್ತಾನೆ ಎಂದು ನಾನು ಬಸ್ಸಿನ ದಾರಿ ಕಾದೆ. ಏಟು ತಿನ್ನುವುದಕ್ಕೂ ತಯಾರಾಗಿದ್ದೆ. ಸಂಜೆಯ ಬಸ್ಸಿನಲ್ಲಿ ಅಪ್ಪ ಬಂದ. ಮೂಟೆ ಇಳಿಸಿ, ಟವೆಲಿನಿಂದ ಮುಖ ಒರೆಸುತ್ತ ಹಲಗೆಯ ಮುಂದೆ ನಿಂತ. ಓದಿದ. ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಂದು ಸಲ ಓದಿದ. ನಾನು ಕಂಬ ಹಿಡಿದು ನಿಂತಿದ್ದೆ. ಯಾರು ಹೇಳಿ ಬರೆಸಿದ್ದು ಎಂದು ಅವನು ಕೇಳಲಿಲ್ಲ. ಅಜ್ಜಿ ಒಳಗಿನಿಂದ, ಚೆನ್ನಾಗಿ ಬಂದಿದೆಯೇನಪ್ಪ ಎಂದು ಕೇಳಿದಳು.

‘ಅಕ್ಸರ ಚೆನ್ನಾಗ್ ಬಂದವೆ ಕಣವ್ವ’ ಅಂದ ಅಪ್ಪ. ಒಳಗೆ ಹೋಗಿ ಕಾಲು ತೊಳೆದುಕೊಂಡ.

ಅಪ್ಪ ಕೆಟ್ಟವನಲ್ಲ. ಹದಿನಾಲ್ಕು ವರ್ಷಕ್ಕೇ ಶಾಲೆ ಬಿಟ್ಟು ಮೂಟೆ ಹೊತ್ತವನು. ಅವನ ಹೆಸರು ಅಷ್ಟು ದೊಡ್ಡದಾಗಿ, ಅಷ್ಟು ಚಂದವಾಗಿ ಎಲ್ಲೂ ಬಿದ್ದಿರಲಿಲ್ಲ. ಒಂದು ರಾತ್ರಿ ಇರಲಿ, ನಾಳೆ ಅಳಿಸಿದರಾಯಿತು ಎಂದುಕೊಂಡನೋ ಏನೋ. ಬೆಳಿಗ್ಗೆ ಅಕ್ಕಪಕ್ಕದ ಅಂಗಡಿಯವರು ಬಂದು ನೋಡಿ, ‘ಏನಪ್ಪ ಶಿವನಂಜಪ್ಪನೋರೇ’ ಎಂದು ಬಹುವಚನ ಹಾಕಿ ಮಾತಾಡಿಸಿದರು. ಅಪ್ಪ ತಲೆ ತಗ್ಗಿಸಿ ನಕ್ಕ. ಎರಡನೆಯ ದಿನ ಏಣಿ ತರಿಸಿ ಹಲಗೆಯನ್ನು ಮೇಲಕ್ಕೆ ಏರಿಸಿ ಮೊಳೆ ಹೊಡೆದ. ಮೂರನೆಯ ದಿನ ಬೋರ್ಡು ಬರೆಯುವವನು ಡಬ್ಬಿ ಹೊತ್ತುಕೊಂಡು ತುಮಕೂರಿನ ಬಸ್ಸು ಹತ್ತಿದ. ಆ ಮೂರೂ ದಿನ ಹೇಳಬೇಕು ಹೇಳಬೇಕು ಎಂದು ನಾನು ಅಪ್ಪನ ಹಿಂದೆ ಹಿಂದೆ ತಿರುಗಿದೆ. ಅವನು ಯಾವತ್ತೂ ಇಲ್ಲದ್ದು ನನಗೆ ಬೊಂಬಾಯಿ ಮಿಠಾಯಿ ಕೊಡಿಸಿದ. ನಾನು ತಿಂದೆ. ಈಗ ನೆನೆಸಿಕೊಂಡರೂ ನನ್ನ ಮೇಲೆ ನನಗೇ ಕೋಪ ಬರುತ್ತದೆ.

ನಾಲ್ಕನೆಯ ದಿನ ಮಧ್ಯಾಹ್ನ ಚಿಕ್ಕಪ್ಪ ಬಂದ. ಮದುವೆಮನೆಯ ಚಿರೋಟಿ ಕಟ್ಟಿದ ಪೊಟ್ಟಣ ಒಂದು ಕೈಯಲ್ಲಿ, ನನಗೆಂದು ತಂದ ಕಾಗದದ ಬೀಸಣಿಗೆ ಇನ್ನೊಂದು ಕೈಯಲ್ಲಿ. ಬೀದಿಯ ಆ ತುದಿಯಿಂದಲೇ ಬೋರ್ಡು ಕಂಡು ಹೆಜ್ಜೆ ಜೋರು ಮಾಡಿದ. ನಗುತ್ತಲೇ ಬಂದ. ಹತ್ತಿರ ಬಂದು ನಿಂತು ತಲೆ ಎತ್ತಿ ಓದಿದ. ನಗು ಹೋದದ್ದು ನನಗೆ ಕಾಣಿಸಲಿಲ್ಲ, ನಾನು ನೆಲ ನೋಡುತ್ತಿದ್ದೆ. ‘ಇದ್ನ ಅವ್ವಂಗ್ ಕೊಡು ಪುಟ್ಟಿ’ ಎಂದು ಪೊಟ್ಟಣವನ್ನೂ ಬೀಸಣಿಗೆಯನ್ನೂ ನನ್ನ ಕೈಗಿತ್ತು ಗಲ್ಲಾದಲ್ಲಿ ಕೂತು ವ್ಯಾಪಾರ ಮಾಡಿದ.

ಹಲಗೆ ಹಾಕುವ ಹೊತ್ತಿಗೆ ಅಪ್ಪ ಬಂದ. ಅಜ್ಜಿಯೂ ಅವ್ವನೂ ಅಂಗಡಿಯಲ್ಲೇ ಇದ್ದರು. ಚಿಕ್ಕಪ್ಪ ಮೊದಲನೆಯ ಹಲಗೆಯನ್ನು ಕೈಯಲ್ಲಿ ಹಿಡಿದು ನಿಂತು ಬಹಳ ಮೆತ್ತಗೆ ಕೇಳಿದ.

‘ನಿನ್ ಹೆಸ್ರು ಇರ್ಬೇಕು ಅಂತ ಇದ್ದಿದ್ರೆ ನಂಗ್ ಹೇಳ್ಬೌದಿತ್ತಲ್ಲಣ್ಣ. ನಾನೇ ಏಣಿ ಹಿಡ್ಕೋತಿದ್ದೆ.’

‘ನಾನ್ ಬರ್ಸಿಲ್ಲ ಕಣೋ’ ಅಂದ ಅಪ್ಪ.

‘ಅಳ್ಸೂ ಇಲ್ವಲ್ಲ.’

ನಾನು ‘ನಾನೇ ಹೇಳಿದ್ದು, ನಾನು’ ಎಂದು ಅಳುತ್ತ ಮಧ್ಯೆ ನುಗ್ಗಿದೆ. ದೊಡ್ಡವರ ಮಾತಿನಲ್ಲಿ ಬಾಯಿ ಹಾಕಬೇಡ ಎಂದು ಅವ್ವ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅಜ್ಜಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬೋರ್ಡಿನಲ್ಲಿ ಯಾರ ಹೆಸರಿದೆ ಎಂದು ಕೇಳಿದಳು. ಅವಳು ನನ್ನನ್ನು ನೋಡಿದಳು. ಮೂರು ದಿನದಿಂದ ದಿನಾ ಬೆಳಿಗ್ಗೆ ಅವಳು ಆ ಹಲಗೆಗೆ ತಲೆ ಎತ್ತಿ ಕೈ ಮುಗಿಯುತ್ತಿದ್ದಳು.

‘ಮುದ್ದವೀರಪ್ಪ’ ಅಂದಳು ಅಜ್ಜಿ.

ಆ ಬಾಯಿಂದ ಆ ಹೆಸರನ್ನು ಅವಳ ಮಕ್ಕಳೂ ಕೇಳಿರಲಿಲ್ಲ.

‘ಇಷ್ಟೇಯ ನಾನ್ ಅವತ್ತು ಹೇಳ್ಬೇಕಾಗಿದ್ದು. ಮಗೂನ ಮುಂದ್ ಮಾಡ್ಬುಟ್ಟೆ.’

ಅವಳು ಅಳಲಿಲ್ಲ. ಬೆಲ್ಲದ ಮೂಟೆಯ ಮೇಲೆ ಕೂತುಬಿಟ್ಟಳು, ಅಷ್ಟೇ. ಅಪ್ಪನ ಕಣ್ಣಲ್ಲಿ ನೀರು ಬಂತು. ನಾಳೆಯೇ ಶಿರಾ ಗೇಟಿಗೆ ಹೋಗಿ ಅವನನ್ನು ಕರೆತರುತ್ತೇನೆ ಎಂದ. ಮಾತಿನಂತೆ ಹೋದ, ಕರೆತಂದ. ಒಣಗಿದ ಬಣ್ಣವನ್ನು ಹೆರೆದು ಮತ್ತೆ ನೀಲಿ ಬಳಿದು ಅಜ್ಜಿ ಹೇಳಿದ ಹೆಸರನ್ನೇ ಬರೆಸಿದ. ಹಿಂದಿನದಕ್ಕಿಂತ ಅಕ್ಷರ ದಪ್ಪವಾಗಿ ಬಂತು. ಅಷ್ಟಾದರೂ ನನಗೆ ಅಜ್ಜಿ ಅದಕ್ಕೆ ಕೈ ಮುಗಿದದ್ದು ನೆನಪಿಲ್ಲ. ಆಮೇಲಿನಿಂದ ಅವಳು ಊಟಕ್ಕೆ ಕರೆಯುವಾಗ ಎಲ್ಲರ ಹಾಗೆ ಮುದ್ದೆ ಎನ್ನತೊಡಗಿದಳು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ.

ಹೆಸರು ಬದಲಾಯಿತು, ಚಿಕ್ಕಪ್ಪನ ಮನಸ್ಸು ಬದಲಾಗಲಿಲ್ಲ. ಅವನು ಜಗಳವಾಡಲಿಲ್ಲ, ಪಾಲು ಕೇಳಲಿಲ್ಲ. ಕೇಳಿದ್ದರೆ, ಕೂಗಾಡಿದ್ದರೆ, ಊರವರು ಸೇರಿ ಏನಾದರೂ ಮಾಡುತ್ತಿದ್ದರು. ಕುಣಿಗಲ್ಲಿನಲ್ಲಿ ಅವನ ಸೋದರಮಾವನದೊಂದು ಖಾಲಿ ಮಳಿಗೆ ಇತ್ತು. ಶಾಲೆ ತೆರೆಯುವ ಮೊದಲೇ ಟ್ರಂಕಿನಲ್ಲಿ ನಾಲ್ಕು ಬಟ್ಟೆ ಇಟ್ಟುಕೊಂಡು ಹೊರಟ. ನಾನು ಬಸ್ ಸ್ಟ್ಯಾಂಡಿನವರೆಗೂ ಅವನ ಅಂಗಿಯ ತುದಿ ಹಿಡಿದು ಹೋದೆ. ಚಿಕ್ಕಪ್ಪ, ನಾನೇ ಹೇಳಿದ್ದು, ಅಪ್ಪ ಅಲ್ಲ ಎಂದೆ. ಅದನ್ನೇ ಹತ್ತು ಸಲ ಹೇಳಿದೆ. ಅವನು ಕುಕ್ಕುರುಗಾಲಲ್ಲಿ ಕೂತು ನನ್ನ ಮೂಗು ಒರೆಸಿದ.

‘ನಂಗೊತ್ತು ಕಣೇ ಪುಟ್ಟಿ. ನೀನೇನೂ ಮಾಡಿಲ್ಲ, ಬುಡು.’

ನಾನು ಮಾಡಿದ್ದು ಎಂದು ಅವನು ಒಪ್ಪಿಕೊಂಡಿದ್ದರೆ ಅವನು ಹೋಗುತ್ತಿರಲಿಲ್ಲ ಎಂದು ಆಗ ನನಗೆ ಅನಿಸಿತ್ತು. ಈಗಲೂ ಅನಿಸುತ್ತದೆ. ಒಂದು ಏಟು ಹಾಕಿ, ನಾಲ್ಕು ಬೈದು, ಅಲ್ಲಿಗೆ ಮುಗಿಸಬಹುದಿತ್ತು. ಅವನು ನನ್ನ ಮೇಲೆ ತಪ್ಪು ಹೊರಿಸದೆ ಬಿಟ್ಟುಬಿಟ್ಟ. ಬಸ್ಸು ಹೊರಟಿತು.

ಮಾರನೆಯ ಬೆಳಿಗ್ಗೆ ಅಪ್ಪ ಹಲಗೆ ತೆಗೆದ. ಅಂಕಿ ಕೂಗು ಎಂದು ನನ್ನನ್ನು ಕರೆದ. ನಾನು ಹೋಗಲಿಲ್ಲ. ಅವನು ಸಂಜೆ ಸಾಲು ತಪ್ಪಿಸಿ ಹಾಕಿದ, ಕೊನೆಯದು ಕೂರಲಿಲ್ಲ, ಎಲ್ಲ ತೆಗೆದು ಮೊದಲಿನಿಂದ ಹಾಕಿದ. ಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಚಿಕ್ಕಪ್ಪ ಹಬ್ಬಕ್ಕೆ ಬರುತ್ತಿದ್ದ. ನೆಂಟನ ಹಾಗೆ ಚಾಪೆಯ ಮೇಲೆ ಕೂತು, ಬಡಿಸಿದ್ದನ್ನು ಉಂಡು, ಅಂಗಡಿಯ ಕಡೆ ಸುಳಿಯದೆ ಹೋಗುತ್ತಿದ್ದ. ಅಣ್ಣತಮ್ಮ ಮಳೆ ಬೆಳೆ ಮಾತಾಡುತ್ತಿದ್ದರು.

ಈಗ ಗುಬ್ಬಿಯ ಆ ಬೀದಿಗೆ ಹೋದರೆ ತಲೆ ಎತ್ತುವಂತಿಲ್ಲ. ಒಂದೊಂದು ಅಂಗಡಿಗೆ ಮೂರು ಮೂರು ಬೋರ್ಡು. ರಾತ್ರಿ ಉರಿಯುವ ಅಕ್ಷರಗಳು, ಗಾಳಿಗೆ ಪಟಪಟ ಹೊಡೆದುಕೊಳ್ಳುವ ಫ್ಲೆಕ್ಸುಗಳು. ಯಾವುದೂ ಹಲಗೆಯಲ್ಲ. ಫಲಕ ಎಂಬ ಮಾತು ಎಲ್ಲರಿಗೂ ಗೊತ್ತು, ಅದು ಎಲ್ಲಿಂದ ಬಂತು ಎಂದು ಹೇಳುವ ಮೇಷ್ಟ್ರು ಇಲ್ಲ, ಕೂತು ಕೇಳುವುದಕ್ಕೆ ಅಂಗಡಿಯ ಮುಂದೆ ಜಾಗವೂ ಇಲ್ಲ. ನಮ್ಮ ಹನ್ನೊಂದು ಹಲಗೆಗಳಲ್ಲಿ ಕೆಲವು ಅಟ್ಟಕ್ಕೆ ಹೋದವು, ಕೆಲವು ಒಲೆಗೆ. ಹನ್ನೆರಡನೆಯದನ್ನು ಅಪ್ಪನೇ ಒಂದು ದಿನ ಇಳಿಸಿದ. ಅದು ಏನಾಯಿತು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಹುಣಸೆಮರದ ಅಂಗಡಿ ಎಂದರೆ ಈಗ ಯಾರಿಗೂ ದಾರಿ ಗೊತ್ತಾಗುವುದಿಲ್ಲ.

ಚಿಕ್ಕಪ್ಪನ ಅಂಗಡಿಯನ್ನು ನಾನು ಮೊದಲು ನೋಡಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ತುಮಕೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ. ಅಜ್ಜಿ ಹೋಗಿ ಕೆಲವು ತಿಂಗಳಾಗಿದ್ದವು. ಹಿಂದಿನ ಸಂಜೆ ಕುಣಿಗಲ್ಲಿಗೆ ಹೋಗಿ ಅವನ ಮನೆಯಲ್ಲಿ ಉಳಿದೆ. ಬೆಳಿಗ್ಗೆ ನಾನೂ ಅಂಗಡಿಗೆ ಬರುತ್ತೇನೆ ಎಂದು ಜೊತೆಗೆ ನಡೆದೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ, ಅವನ ಬೋರ್ಡಿನಲ್ಲಿ ಯಾರ ಹೆಸರಿರಬಹುದು. ತಲೆ ಎತ್ತಿ ನೋಡಿದೆ. ನೀಲಿ ತಗಡು, ಹಳದಿ ಅಕ್ಷರ. ‘ದಿನಸಿ ಅಂಗಡಿ’ ಎಂದಿತ್ತು. ಮುಂದೆ ಏನೂ ಇರಲಿಲ್ಲ, ಹಿಂದೆ ಏನೂ ಇರಲಿಲ್ಲ.

ನಾನು ನೋಡುತ್ತಿರುವುದನ್ನು ಅವನು ನೋಡಿದ. ಬರೆಯುವವನು ಹೆಸರು ಕೇಳಿದ, ಫಲಕ ಒಂದಿದ್ದರೆ ಸಾಕು ಬಿಡಪ್ಪ ಎಂದುಬಿಟ್ಟೆ ಎಂದ. ನಗುತ್ತಲೇ ಹೇಳಿದ. ಅವನ ಅಂಗಿಯಿಂದ ಅದೇ ಬೆಲ್ಲ, ಇಂಗು, ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಬೀಗ ತೆಗೆದು ಬಗ್ಗಿ ಶಟರಿಗೆ ಕೈ ಹಾಕಿದ. ನನಗೆ ಹದಿನೆಂಟು ತುಂಬಿತ್ತು, ಆದರೂ ಅವನು ಬಗ್ಗಿದ್ದನ್ನು ನೋಡುತ್ತಿದ್ದಂತೆ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು.

‘ಒಂದು’ ಅಂದೆ.

ಚಿಕ್ಕಪ್ಪ ತಿರುಗಿ ನೋಡಲಿಲ್ಲ. ‘ಬಂತು’ ಎಂದು ಎಳೆದ. ಇಡೀ ಶಟರು ಗಡಗಡ ಎಂದು ಒಂದೇ ಸಲಕ್ಕೆ ಮೇಲೆ ಹೋಯಿತು, ಅಂಗಡಿ ತೆರೆಯಿತು. ನಾವಿಬ್ಬರೂ ಅಲ್ಲೇ ನಿಂತಿದ್ದೆವು, ಎರಡು ಎನ್ನುವುದಕ್ಕೆ ಏನೂ ಉಳಿದಿರಲಿಲ್ಲ.